ಸ್ವಂತ ಮನೆ ಇಲ್ಲದವರಿಗೆ ಮುಂಬಯಿಯಲ್ಲಿ ಮತವಿದೆಯೇ?

ಪ್ರಶ್ನೆ: ನಾವು ಸಾಕಿನಾಕಾದಲ್ಲಿ ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಖೋಲಿಯಲ್ಲಿದ್ದೇವೆ. ಸ್ವಂತ ಮನೆ ಇಲ್ಲದವರ ಹೆಸರನ್ನು ಇಲ್ಲಿನ ಮತದಾರರ ಪಟ್ಟಿಗೆ ಸೇರಿಸುವುದಿಲ್ಲ ಎನ್ನುತ್ತಾರೆ, ನಿಜವೇ? ಊರಿನಲ್ಲಿ ಹಿರಿಯರ ಮನೆ ಇರುವುದರಿಂದ ಹೆಸರನ್ನು ಅಲ್ಲಿಯೇ ಉಳಿಸಿಕೊಳ್ಳಬೇಕೇ?

ಉತ್ತರ: ನಿಜವಲ್ಲ. ನೀವು ಎಲ್ಲಿ ವಾಸವಾಗಿದ್ದೀರೋ ಅಲ್ಲಿಯೇ ನಿಮ್ಮ ಮತ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆ ಅವಧಿಯಲ್ಲಿ ಮತಗಟ್ಟೆ ಮಟ್ಟದ ಅಧಿಕಾರಿಯಾಗಿ, ಅಂದರೆ ಎಲ್ಲರೂ ಬಿಎಲ್‌ಒ ಎಂದು ಕರೆಯುವ ಕೆಲಸದ ಮೇಲೆ, ಪಟ್ಟಿ ಹಿಡಿದುಕೊಂಡು ಕುರ್ಲಾದ ಗಲ್ಲಿಗಳನ್ನು ಸುತ್ತಿದ್ದೇನೆ. ನಿವೃತ್ತನಾದ ಮೇಲೂ ಸಂಘದ ಸಭೆ, ಮದುವೆ, ಯಕ್ಷಗಾನ, ಎಲ್ಲಿಗೆ ಹೋದರೂ ಈ ಪ್ರಶ್ನೆ ಎದುರಾಗುತ್ತದೆ. ಉತ್ತರ ಕೇಳಿ ತಲೆಯಾಡಿಸಿದವರೇ ಮುಂದಿನ ವರ್ಷ ಬಂದು, ‘ಆದರೂ ಸರ್, ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯವರು ಹೆಸರು ಸೇರಿಸಲಾಗುವುದಿಲ್ಲ ಅಂದರಲ್ಲ’ ಎನ್ನುತ್ತಾರೆ. ಆದ್ದರಿಂದ ಒಮ್ಮೆ ಎಲ್ಲವನ್ನೂ ಬಿಡಿಸಿ ಬರೆದುಬಿಡುತ್ತೇನೆ.

1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 19ನೆಯ ಕಲಮು ಕೇಳುವುದು ಎರಡೇ ಸಂಗತಿಗಳನ್ನು: ಅರ್ಹತಾ ದಿನಾಂಕಕ್ಕೆ, ಅಂದರೆ ವಯಸ್ಸು ಲೆಕ್ಕಹಾಕಲು ಗೊತ್ತುಮಾಡಿದ ದಿನಕ್ಕೆ, ಹದಿನೆಂಟು ವರ್ಷ ತುಂಬಿರಬೇಕು, ಮತ್ತು ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಾಗಿರಬೇಕು. ಭಾರತದ ನಾಗರಿಕರಾಗಿರಬೇಕೆಂಬುದು ಹೇಗೂ ಇದ್ದದ್ದೇ. ಇದರಲ್ಲಿ ಮನೆಯ ಮಾತೇ ಇಲ್ಲ. ಮನೆಯ ಮಾತು ಬರುವುದು ಮುಂದಿನ 20ನೆಯ ಕಲಮಿನಲ್ಲಿ, ಅದೂ ನಮ್ಮ ಜನ ನಂಬಿರುವುದಕ್ಕೆ ತೀರ ವಿರುದ್ಧವಾಗಿ. ಒಂದು ಕ್ಷೇತ್ರದಲ್ಲಿ ವಾಸದ ಮನೆಯ ಒಡೆತನವಿದೆ ಅಥವಾ ಅದು ಸ್ವಾಧೀನದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿನ ಸಾಮಾನ್ಯ ನಿವಾಸಿ ಎಂದು ಪರಿಗಣಿಸಬಾರದು ಎಂದು ಅದು ಹೇಳುತ್ತದೆ. ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಿರಿ. ಮುಲುಂಡಿನಲ್ಲಿ ಫ್ಲ್ಯಾಟ್ ಕೊಂಡು, ಅದನ್ನು ಬಾಡಿಗೆಗೆ ಕೊಟ್ಟು, ತಾನು ಮಂಗಳೂರಿನಲ್ಲಿ ನೆಲೆಸಿರುವ ಮಾಲೀಕನಿಗೆ ಮುಲುಂಡಿನಲ್ಲಿ ಮತವಿಲ್ಲ; ಆ ಫ್ಲ್ಯಾಟಿನಲ್ಲಿ ಸಂಸಾರ ಹೂಡಿರುವ ಬಾಡಿಗೆದಾರನಿಗೆ ಇದೆ. ಕಾನೂನು ನೋಡುವುದು ಮನೆಯ ಕಾಗದವನ್ನಲ್ಲ, ಮನುಷ್ಯನ ವಾಸ್ತವ್ಯವನ್ನು.

ದಾಖಲೆಯ ವಿಷಯವೂ ಹೀಗೆಯೇ. ಹೊಸದಾಗಿ ಹೆಸರು ಸೇರಿಸುವ ನಮೂನೆ 6ರಲ್ಲಿ ವಿಳಾಸಕ್ಕಾಗಿ ಸೂಚಿಸಿರುವ ದಾಖಲೆಗಳಲ್ಲಿ ಆಧಾರ್, ಬ್ಯಾಂಕಿನ ಪಾಸ್‌ಬುಕ್, ನೀರು, ವಿದ್ಯುತ್ ಅಥವಾ ಗ್ಯಾಸಿನ ಬಿಲ್ಲುಗಳ ಜೊತೆಗೆ ನೋಂದಾಯಿತ ಬಾಡಿಗೆ ಕರಾರೂ ಇದೆ, ಮತ್ತು ಇವುಗಳಲ್ಲಿ ಒಂದಿದ್ದರೆ ಸಾಕು. ಸೊಸೈಟಿಯ ಒಪ್ಪಿಗೆ ಪತ್ರವಾಗಲಿ ಮಾಲೀಕನ ಸಹಿಯಾಗಲಿ ಆ ಪಟ್ಟಿಯಲ್ಲಿ ಇಲ್ಲ. ಯಾವ ಕಾಗದವೂ ಇಲ್ಲದಿದ್ದರೆ ಅಧಿಕಾರಿ ಸ್ಥಳಕ್ಕೆ ಬಂದು ವಿಚಾರಿಸಬೇಕು. ಸೂರೇ ಇಲ್ಲದವರ ಬಗ್ಗೆ ಚುನಾವಣಾ ಆಯೋಗದ ಸೂಚನೆ ಇನ್ನೂ ಸ್ಪಷ್ಟವಾಗಿದೆ: ಅರ್ಜಿಯಲ್ಲಿ ಬರೆದ ಜಾಗದಲ್ಲಿ ಆ ವ್ಯಕ್ತಿ ಮಲಗುತ್ತಾನೆಯೇ ಎಂಬುದನ್ನು ಬಿಎಲ್‌ಒ ರಾತ್ರಿ ಹೊತ್ತು, ಒಂದಕ್ಕಿಂತ ಹೆಚ್ಚು ಸಲ, ಹೋಗಿ ನೋಡಬೇಕು, ಖಚಿತವಾದರೆ ವಿಳಾಸದ ಬೇರೆ ಪುರಾವೆ ಬೇಡ.

ನಾನು ಹಾಗೆ ಹೋಗಿದ್ದೇನೆ. ಕುರ್ಲಾ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಮಲಗುತ್ತಿದ್ದ. ‘ನಂಗೆ ಮನಿಯೇ ಇಲ್ಲ ಮಾಷ್ಟ್ರೇ, ವೋಟು ಎಲ್ಲಿಂದ?’ ಎಂದು ಕೇಳಿದವನು ಅವನು. ಶಟರ್ ಎಳೆದ ಮೇಲೆ, ರಾತ್ರಿ ಹನ್ನೆರಡರ ಸುಮಾರಿಗೆ, ಕಬ್ಬಿಣದ ಏಣಿ ಹತ್ತಿ ನೋಡಿದೆ. ನೆಟ್ಟಗೆ ನಿಲ್ಲಲಾಗದ ಎತ್ತರ. ಈರುಳ್ಳಿ ಮೂಟೆಗಳ ಪಕ್ಕದಲ್ಲಿ ನಾಲ್ಕು ಚಾಪೆಗಳು, ಗೋಡೆಗೆ ಒರಗಿಸಿದ ತಗಡಿನ ಪೆಟ್ಟಿಗೆ, ಹಗ್ಗದ ಮೇಲೆ ಒಣಗಲು ಹಾಕಿದ ಪಂಚೆ. ವಾರ ಬಿಟ್ಟು ಇನ್ನೊಂದು ರಾತ್ರಿ ಹೋದಾಗಲೂ ಅದೇ ಚಾಪೆಯ ಮೇಲೆ ಅದೇ ಹುಡುಗ. ನಾನು ವರದಿ ಬರೆದೆ, ಹೆಸರು ಪಟ್ಟಿಗೆ ಬಂತು. ಅವನ ಮತದಾರರ ಚೀಟಿಯಲ್ಲಿ ಇದ್ದದ್ದು ಹೋಟೆಲಿನ ವಿಳಾಸ. ಬಿಎಲ್‌ಒ ಕೆಲಸದಲ್ಲಿ ನಾನು ತುಂಬಿದ ನೂರಾರು ಅರ್ಜಿಗಳಲ್ಲಿ ಇದರ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

ಹಾಗಾದರೆ ಈ ತಪ್ಪು ನಂಬಿಕೆ ಇಷ್ಟು ಗಟ್ಟಿಯಾಗಿ ಬೇರುಬಿಟ್ಟದ್ದು ಏಕೆ? ಒಂದು ಕಾರಣ ನಮ್ಮ ಹೌಸಿಂಗ್ ಸೊಸೈಟಿಗಳೇ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ, ಕಮಿಟಿಯ ಚುನಾವಣೆಯಲ್ಲಿ, ಮತ ಚಲಾಯಿಸುವುದು ಶೇರ್ ಸರ್ಟಿಫಿಕೇಟಿನಲ್ಲಿ ಹೆಸರಿರುವ ಸದಸ್ಯರು. ಬಾಡಿಗೆದಾರ ಎಷ್ಟು ವರ್ಷ ಮೇಂಟೆನೆನ್ಸ್ ತುಂಬಿದರೂ ಅಲ್ಲಿ ಕೈ ಎತ್ತುವಂತಿಲ್ಲ. ಸಹಕಾರಿ ಸಂಸ್ಥೆಯ ಈ ನಿಯಮವನ್ನೇ ಸೆಕ್ರೆಟರಿಗಳು ಲೋಕಸಭೆಗೂ ವಿಧಾನಸಭೆಗೂ ಹಚ್ಚಿ ಮಾತಾಡುತ್ತಾರೆ, ಬಾಡಿಗೆದಾರರು ನಂಬುತ್ತಾರೆ.

ಇನ್ನೊಂದು ಕಾರಣ ಹಳೆಯದು. ನಮ್ಮ ಅಜ್ಜಂದಿರ ಕಾಲದಲ್ಲಿ ಇದು ತಪ್ಪು ನಂಬಿಕೆಯಾಗಿರಲಿಲ್ಲ, ಕಾನೂನೇ ಆಗಿತ್ತು. ಬೊಂಬಾಯಿ ಮುನಿಸಿಪಾಲಿಟಿಯಲ್ಲಿ ಮೊದಲು ಮತವಿದ್ದದ್ದು ತೆರಿಗೆ ಕಟ್ಟುವವರಿಗೆ. 1922ರ ತಿದ್ದುಪಡಿಯಿಂದ ತಿಂಗಳಿಗೆ 10 ರೂಪಾಯಿ ಬಾಡಿಗೆ ಕೊಡುವವರೂ ಮತದಾರರಾದರು, ಆದರೆ ಗಿರಣಿ ಕಾರ್ಮಿಕರ ಬಹುಪಾಲು ಖೋಲಿಗಳ ಬಾಡಿಗೆ ಅಷ್ಟಿರಲಿಲ್ಲ. ಕಡಿಮೆ ಬಾಡಿಗೆಯ ಮನೆಯಲ್ಲಿರುವುದೇ ಅನರ್ಹತೆಯಾದ ಕಾಲವದು. 1935ರ ಭಾರತ ಸರ್ಕಾರದ ಕಾಯ್ದೆ ಬಂದಾಗಲೂ ಪ್ರಾಂತೀಯ ಚುನಾವಣೆಗಳಲ್ಲಿ ಸುಮಾರು ಆರು ಜನ ವಯಸ್ಕರಲ್ಲಿ ಒಬ್ಬರಿಗೆ ಮಾತ್ರ ಮತ ಸಿಕ್ಕಿತು. ಪರೇಲಿನ ಬಿಐಟಿ ಚಾಳಿನ, ಅಂದರೆ ಬೊಂಬಾಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿಸಿದ ಸಾಲು ಖೋಲಿಗಳ ಕಟ್ಟಡದ, ಎರಡು ಖೋಲಿಗಳಲ್ಲಿ ಸಂಸಾರ ಮಾಡಿದ ಅಂಬೇಡ್ಕರರು 1928ರಲ್ಲಿಯೇ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತ ಬೇಕೆಂದು ಕೇಳಿದ್ದರು. ಮುಂಬಯಿ ಪಾಲಿಕೆಯ ಚುನಾವಣೆ ವಯಸ್ಕ ಮತದಾನದ ಮೇಲೆ ನಡೆದದ್ದು 1948ರಲ್ಲಿ. ಆಮೇಲೆ ಸಂವಿಧಾನದ 326ನೆಯ ವಿಧಿ ಇಡೀ ದೇಶಕ್ಕೆ ಅದನ್ನು ಕೊಟ್ಟಿತು. ಅಷ್ಟು ಕಷ್ಟದಿಂದ ಕಿತ್ತುಹಾಕಿದ ಮನೆಯ ಷರತ್ತನ್ನು ನಾವೇ ನಮ್ಮ ತಲೆಯೊಳಗೆ ಮತ್ತೆ ನೆಡುತ್ತಿರುವುದನ್ನು ಕಂಡಾಗ ನನಗೆ ಬಹಳ ಸಂಕಟವಾಗುತ್ತದೆ.

ಊರಿನ ಮನೆಯ ವಿಷಯ ಚಿಕ್ಕದು. 20ನೆಯ ಕಲಮಿನ ಅದೇ ಮಾತು ಅಲ್ಲಿಗೂ ಅನ್ವಯಿಸುತ್ತದೆ: ಹಿರಿಯರ ಮನೆ ಇದೆ ಎಂಬುದರಿಂದಲೇ ಅಲ್ಲಿ ಮತವಿಲ್ಲ. ತಾತ್ಕಾಲಿಕವಾಗಿ ಊರು ಬಿಟ್ಟವರು ವಾಸ್ತವ್ಯ ಕಳೆದುಕೊಳ್ಳುವುದಿಲ್ಲ, ಆದರೆ ಹತ್ತು ವರ್ಷ ಇಲ್ಲಿ ಮಕ್ಕಳನ್ನು ಓದಿಸಿದವರು ತಾತ್ಕಾಲಿಕವಾಗಿ ಬಂದವರಲ್ಲ. ಎರಡೂ ಕಡೆ ಹೆಸರಿಟ್ಟುಕೊಳ್ಳುವುದಂತೂ 17ನೆಯ ಕಲಮಿಗೆ ವಿರುದ್ಧ, ಮತ್ತು ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಇದೆ. 2024ರಲ್ಲಿ ಉಡುಪಿಯಲ್ಲಿ ಏಪ್ರಿಲ್ 26ಕ್ಕೆ, ಮುಂಬಯಿಯಲ್ಲಿ ಮೇ 20ಕ್ಕೆ ಮತದಾನವಿದ್ದಾಗ, ಎರಡು ಕಡೆಯೂ ಹಾಕಬಹುದಲ್ಲವೇ ಎಂದು ನನ್ನನ್ನು ಕೇಳಿದವರಿದ್ದಾರೆ. ಹಾಕಬಾರದು. ಊರಿನ ಪಟ್ಟಿಯಲ್ಲಿ ಈಗಾಗಲೇ ಹೆಸರಿದ್ದರೆ ನೀವು ತುಂಬಬೇಕಾದದ್ದು ನಮೂನೆ 6 ಅಲ್ಲ, ವಾಸಸ್ಥಳ ಬದಲಾವಣೆಯ ನಮೂನೆ 8.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಇದೆ, ಅದನ್ನು ಯಾರೂ ಕೇಳುವುದಿಲ್ಲ: ಕಾನೂನಿನ ಕಣ್ಣಿಗೆ ಮನೆಯ ಒಡೆತನ ಕಾಣದಿದ್ದರೂ, ಮತ ಹಾಕುವವರ ನಡವಳಿಕೆಯಲ್ಲಿ ಅದು ಕಾಣುತ್ತದೆಯೇ? ಕಾಣುತ್ತದೆ, ಆದರೆ ನಾವು ಊಹಿಸುವ ರೀತಿಯಲ್ಲಲ್ಲ. ಆಸ್ತಿಯಿದ್ದವರೇ ಹೆಚ್ಚು ಜವಾಬ್ದಾರಿಯಿಂದ ಮತ ಹಾಕುತ್ತಾರೆ ಎಂಬುದು ನಿಜವಾಗಿದ್ದರೆ, ಶ್ರೀಮಂತರ ಪ್ರದೇಶವೆಂದು ಹೆಸರಾದ ಕೊಲಾಬಾ ಈ ನಗರದಲ್ಲಿ ಮೊದಲು ನಿಲ್ಲಬೇಕಿತ್ತು. 2024ರ ನವೆಂಬರಿನ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಶೇಕಡಾ 45ರಷ್ಟೂ ಮತ ಬೀಳಲಿಲ್ಲ. ಚಾಳು, ಝೋಪಡಪಟ್ಟಿ (ಕೊಳೆಗೇರಿ)ಗಳೇ ತುಂಬಿರುವ ಭಾಂಡುಪಿನಲ್ಲಿ ಶೇಕಡಾ 60 ದಾಟಿತು. ಇದರಿಂದ ಶ್ರೀಮಂತರೆಲ್ಲ ಉದಾಸೀನರು ಎಂದು ತೀರ್ಮಾನಿಸಲೂ ಬಾರದು. ಕೊಲಾಬಾದಲ್ಲಿ ಬೆಸ್ತರ ಮಚ್ಛಿಮಾರ್ ನಗರವೂ ಇದೆ, ಮತ್ತು ಮನೆ ಬಿಟ್ಟು ಹೋದವರ ಹೆಸರು ಪಟ್ಟಿಯಲ್ಲಿ ಉಳಿದಷ್ಟೂ ಶೇಕಡಾವಾರು ಇಳಿಯುತ್ತದೆ.

ಮನೆಮನೆ ತಿರುಗಿ ನನಗೆ ತಿಳಿದದ್ದು ಇಷ್ಟು: ಒಡೆತನಕ್ಕಿಂತ ನೆಲೆ ಮುಖ್ಯ. ಗಿರ್‌ಗಾಂವಿನ ಪಗಡಿ ಖೋಲಿಯವರನ್ನು, ಅಂದರೆ ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಕಾಯಂ ಬಾಡಿಗೆಗೆ ಖೋಲಿ ಹಿಡಿದವರನ್ನು, ನೋಡಿರಿ. ಅವರು ಮಾಲೀಕರಲ್ಲ, ಬಾಡಿಗೆದಾರರೇ. ಆದರೆ 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿದ್ದರಿಂದ ಮೂರು ತಲೆಮಾರು ಒಂದೇ ಖೋಲಿಯಲ್ಲಿ ಉಳಿದರು; ನಗರಸೇವಕ (ಪಾಲಿಕೆಯ ಸದಸ್ಯ) ಅವರನ್ನು ಹೆಸರು ಹಿಡಿದು ಕರೆಯುತ್ತಾನೆ, ಮತದಾನದ ದಿನ ಇಡೀ ಚಾಳು ಒಟ್ಟಿಗೆ ಹೊರಡುತ್ತದೆ. ಅದೇ ಹನ್ನೊಂದು ತಿಂಗಳಿಗೊಮ್ಮೆ ಟೆಂಪೊಗೆ ಸಾಮಾನು ಹೇರುವ ಕುಟುಂಬ, ಸಂಬಳ ಚೆನ್ನಾಗಿದ್ದರೂ, ಪಟ್ಟಿಯಿಂದ ಸದಾ ಒಂದು ವಿಳಾಸ ಹಿಂದೆ ಉಳಿದಿರುತ್ತದೆ. ಬಾಡಿಗೆದಾರರ ಮತ ಕಡಿಮೆ ಬೀಳುವುದು ಅವರಿಗೆ ಆಸಕ್ತಿ ಇಲ್ಲವೆಂದಲ್ಲ, ಅವರ ಹೆಸರು ಹಳೆಯ ಗಲ್ಲಿಯಲ್ಲಿ ಉಳಿದಿದೆಯೆಂದು.

ಯಾರಿಗೆ ಮತ ಎಂಬುದನ್ನು ಮನೆ ನಿರ್ಧರಿಸುತ್ತದೆಯೇ? ಬ್ರಿಟನ್ನಿನಲ್ಲಿ 1980ರ ಕಾಯ್ದೆಯಿಂದ ಥ್ಯಾಚರ್ ಸರ್ಕಾರ ಕೌನ್ಸಿಲ್ ಮನೆಗಳನ್ನು (ಸ್ಥಳೀಯ ಆಡಳಿತಗಳು ಬಾಡಿಗೆಗೆ ಕೊಟ್ಟಿದ್ದ ಮನೆಗಳನ್ನು) ಅಲ್ಲಿದ್ದ ಬಾಡಿಗೆದಾರರಿಗೇ ಮಾರಿದಾಗ, ಮನೆಯೊಡೆಯರಾದವರು ಕನ್ಸರ್ವೇಟಿವ್ ಪಕ್ಷಕ್ಕೆ ತಿರುಗುತ್ತಾರೆಂದು ಅನೇಕರು ಎಣಿಸಿದ್ದರು. ಕೊಂಡವರಲ್ಲಿ ಬಹಳ ಜನ ಮೊದಲೇ ಆ ಕಡೆಗೆ ವಾಲಿದ್ದವರೆಂದು ಆಮೇಲೆ ಅಧ್ಯಯನಗಳು ತೋರಿಸಿದವು. ನಮ್ಮಲ್ಲಿ ಮನೆ ಪಕ್ಷವನ್ನು ಆರಿಸಿಕೊಡುವುದಿಲ್ಲ, ಬೇಡಿಕೆಯನ್ನು ಆರಿಸಿಕೊಡುತ್ತದೆ. 2017ರ ಪಾಲಿಕೆ ಚುನಾವಣೆಯಲ್ಲಿ ಶಿವಸೇನೆ 500 ಚದರಡಿಯವರೆಗಿನ ಮನೆಗಳಿಗೆ ಆಸ್ತಿ ತೆರಿಗೆ ಮನ್ನಾ ಮಾಡುವ ಭರವಸೆ ಕೊಟ್ಟಿತು, 2022ರಲ್ಲಿ ಅದು ಜಾರಿಗೆ ಬಂತು. ಅದು ಸಣ್ಣ ಮನೆಯ ಒಡೆಯರಿಗೆ ಕೊಟ್ಟ ಮಾತು. ಬಾಡಿಗೆದಾರನ ಪರವಾಗಿ ಅಂಥ ಮಾತನ್ನು ಯಾರೂ ಅಷ್ಟು ಗಟ್ಟಿಯಾಗಿ ಆಡಿದ್ದನ್ನು ನಾನು ಕೇಳಿಲ್ಲ, ಏಕೆಂದರೆ ಮುಂದಿನ ಚುನಾವಣೆಗೆ ಅವನು ಅದೇ ವಾರ್ಡಿನಲ್ಲಿರುತ್ತಾನೆಂಬ ಖಾತ್ರಿ ಯಾವ ಪಕ್ಷಕ್ಕೂ ಇಲ್ಲ.

ಝೋಪಡಪಟ್ಟಿಯಲ್ಲಿ ಮನೆಗೂ ಮತಕ್ಕೂ ಇರುವ ಈ ಸಂಬಂಧ ಪೂರ್ತಿ ತಿರುಗಿಬಿಡುತ್ತದೆ. 1995ರ ಚುನಾವಣೆಯಲ್ಲಿ ಶಿವಸೇನೆ ಮತ್ತು ಬಿಜೆಪಿ 40 ಲಕ್ಷ ಜನಕ್ಕೆ ಉಚಿತ ಮನೆಯ ಮಾತು ಕೊಟ್ಟವು. ಬಂದ ಯೋಜನೆಯಲ್ಲಿ, ಯಾವ ದಿನದ ಹೊತ್ತಿಗೆ ಝೋಪಡಿಯಲ್ಲಿ ಇದ್ದವರಿಗೆ ಮನೆ ಎಂಬುದಕ್ಕೆ 1995ರ ಜನವರಿ 1 ಗಡುವಾಯಿತು, ಮುಂದೆ ಅದು 2000ದ ಜನವರಿ 1ಕ್ಕೆ ಸರಿಯಿತು. ಆ ದಿನ ನೀವು ಅಲ್ಲಿ ಇದ್ದಿರೆಂಬುದಕ್ಕೆ ಮುಖ್ಯ ಪುರಾವೆ ಯಾವುದು? ಮತದಾರರ ಪಟ್ಟಿ. ಮನೆಯಿದ್ದವರಿಗೆ ಮತ ಎಂದು ಸೊಸೈಟಿಯಲ್ಲಿ ಹೇಳುತ್ತಿರುವ ಹೊತ್ತಿಗೆ, ಅದರ ಕಂಪೌಂಡಿನಾಚೆ ಮತವಿದ್ದವರಿಗೆ ಮನೆ ಸಿಗುತ್ತಿತ್ತು.

ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಕುರ್ಲಾದಲ್ಲಿ ಮುದುಕಿಯಾದ ಒಬ್ಬಾಕೆ ಪ್ರತಿ ಸಲ ನಾನು ಹೋದಾಗಲೂ ಅಕ್ಕಿ ಡಬ್ಬಿಯ ಹಿಂದಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆಯುತ್ತಿದ್ದರು. ಅದರಲ್ಲಿ ರೇಷನ್ ಕಾರ್ಡು, ಅದರೊಂದಿಗೆ 1995ರ ಪಟ್ಟಿಯ ಆ ಒಂದು ಪುಟದ ಝೆರಾಕ್ಸ್. ಗಂಡನ ಹೆಸರಿನ ಕೆಳಗೆ ತಮ್ಮ ಹೆಸರಿರುವ ಸಾಲಿಗೆ ಯಾರಿಂದಲೋ ಕೆಂಪು ಗೆರೆ ಎಳೆಸಿದ್ದರು. ‘ಮಾಸ್ತರ, ಇದು ಹೋದ್ರ ಜೋಪಡೀನ ಹೋತು’ ಎನ್ನುತ್ತಿದ್ದರು. ಅಕ್ಷರ ಬಾರದ ಅವರು ಆ ಸಾಲನ್ನು ಮಾತ್ರ ಬೆರಳಿಟ್ಟು ತೋರಿಸಬಲ್ಲವರಾಗಿದ್ದರು. ಪುನರ್ವಸತಿ ಕಟ್ಟಡದ ಏಳನೆಯ ಮಹಡಿಯಲ್ಲಿ ಮನೆ ಸಿಕ್ಕ ವಾರದಲ್ಲಿಯೇ ಮೊಮ್ಮಗನನ್ನು ಕಳಿಸಿ ನನ್ನನ್ನು ಕರೆಸಿಕೊಂಡು ನಮೂನೆ 8 ತುಂಬಿಸಿದರು. ವಿದ್ಯುತ್ ಮೀಟರ್ ಇನ್ನೂ ಅವರ ಹೆಸರಿಗೆ ಬಂದಿರಲಿಲ್ಲ.