ಬಿಯರ್ ಒಗ್ಗದಿದ್ದರೆ ತಪ್ಪು ಹಾಪ್ಸ್‌ದೇನಾ?

ಹಾಪ್ಸ್ ಅಂದರೆ ಬಿಯರ್‌ಗೆ ಕಹಿ, ವಾಸನೆ ಬರಲಿ ಅಂತ ಹಾಕುವ ಒಂದು ಬಳ್ಳಿಯ ಹೆಣ್ಣು ಹೂ. ಒಣಗಿದ ಹೂವನ್ನು ಬಿಡಿಸಿ ನೋಡಿದರೆ ಎಸಳುಗಳ ಬುಡದಲ್ಲಿ ಹಳದಿ ಪುಡಿ ಕಾಣುತ್ತದೆ, ಬೆರಳಿಗೆ ಅಂಟಂಟಾಗಿ ಹಿಡಿಯುತ್ತದೆ. ಅದೇ ಲುಪುಲಿನ್. ಕಹಿ ಕೊಡುವ ಆಲ್ಫಾ ಆಮ್ಲಗಳು, ವಾಸನೆ ಕೊಡುವ ಮೈರ್ಸೀನ್‌ನಂಥ ಎಣ್ಣೆಗಳು ಎಲ್ಲವೂ ಅದರಲ್ಲೇ ಇರುತ್ತವೆ.

ಹಾಪ್ಸ್ ಕೀಳುವವರ ಕೈಗೆ ದದ್ದು ಏಳುವುದು ಹಳೆಯ ಸಂಗತಿ. ಬಳ್ಳಿಯ ಮೇಲಿನ ಕೊಕ್ಕೆಯಂಥ ಮುಳ್ಳುಗೂದಲು ಚರ್ಮ ಗೀರುತ್ತದೆ, ಮೇಲಿಂದ ಅಂಟು ತಾಗುತ್ತದೆ. ಕೆಲವರಿಗೆ ನಿಜವಾದ ಅಲರ್ಜಿಯೂ ಬರುತ್ತದೆ: ಗಂದೆ, ಸೀನು, ಉಬ್ಬಸ. ಆದರೆ ಇವೆಲ್ಲ ಮುಟ್ಟಿದಾಗ, ಧೂಳು ಉಸಿರಾಡಿದಾಗ ಆಗುವಂಥವು. ಲೋಟದ ಬಿಯರ್‌ನಲ್ಲಿ ಹಾಪ್ಸ್ ಸಾರ ಸ್ವಲ್ಪವೇ ಇರುತ್ತದೆ, ಅದೂ ಸಾಮಾನ್ಯವಾಗಿ ಚೆನ್ನಾಗಿ ಕುದ್ದಿರುತ್ತದೆ. ಹಾಗಾಗಿ ಕುಡಿದು ಮೈ ಕೆರೆದರೆ ಮೊದಲು ಬೇರೆಯವರನ್ನು ಹಿಡಿಯಬೇಕು. ಬಿಯರ್ ಮಾಡುವ ಧಾನ್ಯವಾದ ಬಾರ್ಲಿಯಲ್ಲಿ ಎಲ್‌ಟಿಪಿ ಅನ್ನೋ ಪ್ರೋಟೀನ್ ಇದೆ, ಕುದಿಸಿದರೂ ಸುಲಭಕ್ಕೆ ಬಗ್ಗುವುದಿಲ್ಲ. ಅಲರ್ಜಿಯಂಥದ್ದೇ ಲಕ್ಷಣ ತರಬಲ್ಲ ಹಿಸ್ಟಮಿನ್, ಕೆಡದಂತೆ ಕಾಯುವ ಸಲ್ಫೈಟ್ ಇವೆ. ಆಲ್ಕೋಹಾಲ್ ಅಂತೂ ಇದ್ದೇ ಇದೆ.

ಇವರಲ್ಲಿ ಯಾರು ಅಂತ ಬೇರ್ಪಡಿಸಲು ನನಗೆ ಇಷ್ಟವಾದ ಅಡ್ಡದಾರಿ ಎರಡು ಪ್ರಶ್ನೆ. ವೈನ್ ಕುಡಿದರೂ ಹೀಗೇ ಆಗುತ್ತಾ? ವೈನ್‌ನಲ್ಲಿ ಹಾಪ್ಸೂ ಇಲ್ಲ, ಬಾರ್ಲಿಯೂ ಇಲ್ಲ. ಅಲ್ಲೂ ಆದರೆ ಆಲ್ಕೋಹಾಲ್, ಹಿಸ್ಟಮಿನ್, ಸಲ್ಫೈಟ್ ಕಡೆ ನೋಡಿ. ಆಲ್ಕೋಹಾಲ್ ಇಲ್ಲದ ಬಿಯರ್ ಕುಡಿದರೆ? ಅದರಲ್ಲಿ ಹಾಪ್ಸ್, ಬಾರ್ಲಿ ಎರಡೂ ಇರುತ್ತವೆ. ಅಲ್ಲೂ ಆದರೆ ಬಾರ್ಲಿ, ಹಾಪ್ಸ್, ಹುದುಗು ಬರಿಸುವ ಯೀಸ್ಟ್ ಕಡೆ ಅನುಮಾನ ಗಟ್ಟಿಯಾಗುತ್ತದೆ.

ಈಗ ತಲೆ ಕೆಡಿಸುವ ಹಂತ. ಆಲ್ಕೋಹಾಲ್ ಇಲ್ಲದ ಬಿಯರ್ ಕುಡಿದು ಏನೂ ಆಗಲಿಲ್ಲ ಅಂತಿಟ್ಟುಕೊಳ್ಳಿ. ಹಾಪ್ಸ್, ಬಾರ್ಲಿ ಎರಡೂ ಪಾರಾದವು, ಅಲ್ವಾ? ಇಲ್ಲ. ಕೆಲವು ಅಲರ್ಜಿಗಳಲ್ಲಿ ಆಲ್ಕೋಹಾಲ್ ಕುಮ್ಮಕ್ಕು ಕೊಡುತ್ತದೆ. ಬರೀ ಪ್ರೋಟೀನ್ ಹೊಟ್ಟೆಗೆ ಹೋದರೆ ದೇಹ ಸುಮ್ನೆ ಇರುತ್ತದೆ. ಅದರ ಜೊತೆ ಆಲ್ಕೋಹಾಲ್ ಸೇರಿದರೆ ಕೆರಳುತ್ತದೆ. ಕೆಲವರಿಗೆ ತಿಂದ ಮೇಲೆ ವ್ಯಾಯಾಮ ಮಾಡಿದರೂ ಹೀಗೇ. ಅಂದರೆ ಬಾರ್ಲಿ ಗಂಜಿ ಕುಡಿದು ಆರಾಮಾಗಿರುವವರಿಗೂ ಬಿಯರ್‌ನಲ್ಲಿರುವ ಬಾರ್ಲಿ ತೊಂದರೆ ಕೊಡಬಹುದು. ಒಟ್ಟಿನಲ್ಲಿ ಈ ಪರೀಕ್ಷೆಯಲ್ಲಿ ‘ಆಯಿತು’ ಅನ್ನುವ ಉತ್ತರಕ್ಕೆ ತೂಕ ಜಾಸ್ತಿ. ‘ಆಗಲಿಲ್ಲ’ ಅನ್ನುವುದನ್ನು ನಂಬಿ ಕೂರಬೇಡಿ.

ಐಪಿಎ (ಇಂಡಿಯಾ ಪೇಲ್ ಏಲ್ ಅನ್ನುವ ಕಹಿ ಬಿಯರ್) ಕುಡಿದರೆ ಜಾಸ್ತಿ ಆಗುತ್ತೆ, ಆದ್ದರಿಂದ ಹಾಪ್ಸೇ ಅನ್ನುವ ವಾದವೂ ಪೂರ್ತಿ ನಿಲ್ಲುವುದಿಲ್ಲ. ಐಪಿಎಗೆ ಹಾಪ್ಸ್ ಜಾಸ್ತಿ ಹೌದು. ಕುದಿಸಿ ಆರಿದ ಮೇಲೆ ಹಾಪ್ಸನ್ನು ಬೇಯಿಸದೆಯೇ ಹಾಕುವ ಡ್ರೈ ಹಾಪಿಂಗ್ ಕೂಡ ಅಲ್ಲಿ ಮಾಮೂಲು. ಆದರೆ ಸಾಮಾನ್ಯ ಲಾಗರ್ ಬಿಯರ್‌ಗಿಂತ ಅದರಲ್ಲಿ ಹೆಚ್ಚಾಗಿ ಆಲ್ಕೋಹಾಲೂ ಜಾಸ್ತಿ.

ಮುಖ ಮಾತ್ರ ಕೆಂಪಾಗಿ ಬಿಸಿಯಾದರೆ, ಆಲ್ಕೋಹಾಲ್‌ನಿಂದ ದೇಹದಲ್ಲಿ ಹುಟ್ಟುವ ವಿಷವನ್ನು ಒಡೆಯುವ ಎಎಲ್‌ಡಿಎಚ್2 ಕಿಣ್ವದ ಕೊರತೆ ಇರಬಹುದು. ಪೂರ್ವ ಏಷ್ಯಾದವರಲ್ಲಿ ಇದು ತುಂಬಾ ಸಾಮಾನ್ಯ.

ತುಟಿ ಊದಿದ್ದರೆ, ಗಂಟಲು ಬಿಗಿದಿದ್ದರೆ, ಉಸಿರು ಕಟ್ಟಿದ್ದರೆ ಮೇಲಿನ ಯಾವ ಪ್ರಯೋಗವೂ ಮನೆಯಲ್ಲಿ ಬೇಡ. ಅಲರ್ಜಿ ವೈದ್ಯರು ಹಾಪ್ಸ್, ಬಾರ್ಲಿ ಬೇರೆ ಬೇರೆಯಾಗಿ ಚರ್ಮಕ್ಕೆ ಚುಚ್ಚಿ ನೋಡಬಲ್ಲರು. ಹೋಗುವಾಗ ಯಾವ ಬಿಯರ್, ಎಷ್ಟು ಕುಡಿದಿದ್ದು, ಎಷ್ಟು ಹೊತ್ತಿಗೆ ಶುರುವಾಯಿತು, ಜೊತೆಗೆ ಏನು ತಿಂದಿದ್ದು ಅಂತ ಬರೆದುಕೊಂಡು ಹೋಗಿ. ನಂಜಿಕೊಂಡ ಕಡಲೆಕಾಯಿಯನ್ನೂ ಮರೆಯದೆ ಸೇರಿಸಿ.