ಕಾರ್ಮಿಕ ಸಂಹಿತೆಗಳು: ಸಂಬಳ ಚೀಟಿಯಿಂದ ಮುಷ್ಕರದ ನೋಟಿಸ್‌ವರೆಗೆ

ಕೇಂದ್ರದ 29 ಕಾರ್ಮಿಕ ಕಾನೂನುಗಳನ್ನು ಸೇರಿಸಿ ನಾಲ್ಕು ಸಂಹಿತೆಗಳನ್ನು ಮಾಡಲಾಗಿದೆ. ವೇತನ ಸಂಹಿತೆ 2019ರದು. ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆಯ ಸಂಹಿತೆಗಳು 2020ರವು. ನಾಲ್ಕೂ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಇಷ್ಟನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯ ಒಂದು ಅಂಕದ ಪ್ರಶ್ನೆಗೆ ಸಾಕು. ವಿವರವಾಗಿ ಬರೆಯಬೇಕಾದಾಗ ಬೇರೊಂದು ಎಳೆ ಹಿಡಿಯಬೇಕು. ಒಬ್ಬೊಬ್ಬ ಕಾರ್ಮಿಕನಿಗೆ ಸಲ್ಲಬೇಕಾದ ಹಣದ ವಿಚಾರದಲ್ಲಿ ಈ ಸಂಹಿತೆಗಳು ಹಿಡಿತ ಬಿಗಿ ಮಾಡಿವೆ; ಕಾರ್ಮಿಕರು ಒಟ್ಟಾಗಿ ಕೇಳುವ ಶಕ್ತಿಯನ್ನು ಸಡಿಲಿಸಿವೆ. ನನ್ನ ಓದಿನಲ್ಲಿ ಇದೇ ಮುಖ್ಯ.

ಮೊದಲು ಹಣದ ಮಾತು. ‘ವೇತನ’ ಎಂದರೆ ಮೂಲ ವೇತನ, ತುಟ್ಟಿಭತ್ಯೆ ಮತ್ತು ಉಳಿಕೆ ಭತ್ಯೆ (ಕೆಲಸವಿಲ್ಲದ ಅವಧಿಯಲ್ಲೂ ನೌಕರನನ್ನು ಉಳಿಸಿಕೊಳ್ಳಲು ಕೊಡುವ ಹಣ). ಮನೆ ಬಾಡಿಗೆ, ಪ್ರಯಾಣದಂತಹ ಭತ್ಯೆಗಳು ಇದರ ಹೊರಗೆ. ಆದರೆ ಹೊರಗಿಟ್ಟ ಬಾಬುಗಳು ಒಟ್ಟು ಸಂಭಾವನೆಯ ಶೇ 50ನ್ನು ಮೀರಿದರೆ, ಮೀರಿದಷ್ಟು ಮೊತ್ತ ವೇತನಕ್ಕೇ ಸೇರುತ್ತದೆ. ಒಂದು ಸಂಬಳ ಚೀಟಿಯನ್ನು ಊಹಿಸಿಕೊಳ್ಳಿ: ಒಟ್ಟು 40,000 ರೂಪಾಯಿ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 16,000, ಉಳಿದ 24,000 ಬಗೆಬಗೆಯ ಭತ್ಯೆ. ಮಿತಿ 20,000 ಆದ್ದರಿಂದ ಹೆಚ್ಚಾದ 4,000 ವೇತನಕ್ಕೆ ಸೇರಿ, ಲೆಕ್ಕಕ್ಕೆ ಸಿಗುವ ವೇತನ 20,000 ಆಗುತ್ತದೆ.

ಕೆಲಸ ಬಿಡುವಾಗ ಸೇವಾವರ್ಷಕ್ಕೆ ತಕ್ಕಂತೆ ಒಟ್ಟಿಗೆ ಸಿಗುವ ಗ್ರಾಚ್ಯುಟಿಯಲ್ಲಿ ಇದರ ಫಲ ಕಾಣುತ್ತದೆ. ಸೂತ್ರ: ಕೊನೆಯ ವೇತನ × 15/26 × ಸೇವಾವರ್ಷ. ಹತ್ತು ವರ್ಷಕ್ಕೆ 16,000ದ ಮೇಲೆ ಸುಮಾರು 92,300 ರೂಪಾಯಿ, 20,000ದ ಮೇಲೆ ಸುಮಾರು 1,15,400. ಭತ್ಯೆಯ ಹೆಸರಿನಲ್ಲಿ ಮೂಲ ವೇತನವನ್ನು ಕುಗ್ಗಿಸುವ ರೂಢಿಗೆ ಬಿದ್ದ ಒಳ್ಳೆಯ ಪೆಟ್ಟು ಇದು. ಲೆಕ್ಕದ ವೇತನ ಏರಿದರೆ ಪಿಎಫ್ (ಭವಿಷ್ಯ ನಿಧಿ) ಕಡಿತವೂ ಏರಿ, ಕೈಗೆ ಬರುವ ಸಂಬಳ ಇಳಿದೇ ಇಳಿಯುತ್ತದೆ ಎಂಬ ಮಾತನ್ನು ಹಾಗೆಯೇ ನಂಬಬೇಡಿ. ಪಿಎಫ್ ಅನ್ನು 15,000 ರೂಪಾಯಿಯ ಶಾಸನಬದ್ಧ ಮಿತಿಯ ಮೇಲಷ್ಟೇ ಕಟ್ಟುತ್ತಿದ್ದರೆ ಈ ಉದಾಹರಣೆಯ ನೌಕರನ ಕಡಿತ ಮೊದಲಿನಂತೆ 1,800 ರೂಪಾಯಿಯೇ.

ಗ್ರಾಚ್ಯುಟಿಯಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ. ಒಂದು ವರ್ಷದ ಸೇವೆಗೇ ಅರ್ಹತೆ ಎಂಬುದು ನಿಗದಿತ ಅವಧಿಯ ನೌಕರರಿಗೆ ಮಾತ್ರ. ಕಾಯಂ ನೌಕರರಿಗೆ ಐದು ವರ್ಷದ ನಿಯಮ ಹಾಗೆಯೇ ಇದೆ.

ಇನ್ನೆರಡು ಲಾಭಗಳು. ಕನಿಷ್ಠ ವೇತನ ಈಗ ಅನುಸೂಚಿಯಲ್ಲಿ ಪಟ್ಟಿ ಮಾಡಿದ ಉದ್ಯೋಗಗಳಿಗಷ್ಟೇ ಸೀಮಿತವಲ್ಲ, ಎಲ್ಲ ಉದ್ಯೋಗಗಳಿಗೂ ಅನ್ವಯ. ಕೆಲಸದಿಂದ ತೆಗೆದರೂ, ತಾನೇ ರಾಜೀನಾಮೆ ಕೊಟ್ಟರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಬಾಕಿಗಾಗಿ ಹಳೆಯ ಮಾಲೀಕರ ಬಾಗಿಲಿಗೆ ಅಲೆದವರಿಗೆ ಈ ಎರಡು ದಿನದ ಬೆಲೆ ಗೊತ್ತು.

ಈಗ ಇನ್ನೊಂದು ಮಗ್ಗುಲು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಮುಷ್ಕರಕ್ಕೆ ಮುನ್ಸೂಚನೆಯ ಕಟ್ಟುಪಾಡು ಇದ್ದದ್ದು ರೈಲು, ನೀರು, ವಿದ್ಯುತ್‌ನಂತಹ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ. ಈಗ ಪ್ರತಿಯೊಂದು ಕೈಗಾರಿಕಾ ಸಂಸ್ಥೆಯಲ್ಲೂ 14 ದಿನ ಮೊದಲೇ ನೋಟಿಸ್ ಕೊಡಬೇಕು. ರಾಜಿ ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದು ಏಳು ದಿನದವರೆಗೆ ಮುಷ್ಕರ ಹೂಡುವಂತಿಲ್ಲ. ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದ ದಿನವೇ ಸಂಧಾನ ಶುರುವಾದಂತೆ. ಸೋಮವಾರ ಸಂಘ ನೋಟಿಸ್ ಕೊಟ್ಟು, ಆ ವಾರದಲ್ಲೇ ಅಧಿಕಾರಿ ಸಭೆ ಕರೆದು ನಡೆಸಿದರೆ, ಸಂಧಾನ ಮುಗಿಯದಿರುವಾಗ 14 ದಿನ ತುಂಬಿದರೂ ಮುಷ್ಕರ ಹೂಡಲು ಬರುವುದಿಲ್ಲ. ಶೇ 50 ಅಥವಾ ಹೆಚ್ಚು ಮಂದಿ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಹಕ್ಕನ್ನು ಕಿತ್ತುಕೊಂಡಿಲ್ಲ, ನಿಜ. ಆದರೆ ಕಾನೂನು ಮೀರದೆ ಮುಷ್ಕರ ಮಾಡುವ ದಾರಿ ತೀರಾ ಕಿರಿದಾಗಿದೆ. ಇದು ಅನ್ಯಾಯವೆಂದೇ ನನ್ನ ಅನಿಸಿಕೆ.

ಕೊನೆಗೆ 300ರ ಸಂಖ್ಯೆ. ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಲ್ಲಿ ಲೇ-ಆಫ್ (ತಾತ್ಕಾಲಿಕವಾಗಿ ಕೆಲಸ ಕೊಡದಿರುವುದು), ಉದ್ಯೋಗ ಕಡಿತ, ಮುಚ್ಚುವಿಕೆಗೆ ಸರ್ಕಾರದ ಪೂರ್ವಾನುಮತಿ ಬೇಕಾಗುವುದು ಈಗ ಕನಿಷ್ಠ 300 ಕಾರ್ಮಿಕರಿರುವ ಕಡೆ. ಹಿಂದೆ ಈ ಮಿತಿ 100 ಇತ್ತು. 299 ಮಂದಿಯ ಕಾರ್ಖಾನೆಯಲ್ಲಿ ನೋಟಿಸ್ ಮತ್ತು ಪರಿಹಾರದ ನಿಯಮಗಳು ಉಳಿದಿವೆ, ಅನುಮತಿಯ ತಡೆ ಇಲ್ಲ. ಇತಿಹಾಸವನ್ನೂ ಸೇರಿಸಿ ಓದಿ: 1976ರಲ್ಲಿ ಪೂರ್ವಾನುಮತಿಯ ಅಧ್ಯಾಯ 1947ರ ಕಾಯ್ದೆಗೆ ಸೇರಿದಾಗಲೂ ಮಿತಿ 300 ಇತ್ತು, 1982ರ ತಿದ್ದುಪಡಿ ಅದನ್ನು 100ಕ್ಕೆ ಇಳಿಸಿತು. ಈಗಿನ ಸಂಹಿತೆಯಲ್ಲಿ ಇನ್ನೊಂದು ಅವಕಾಶವೂ ಇದೆ: ಸಂಬಂಧಪಟ್ಟ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಸಾಕು, 300ನ್ನು ಇನ್ನೂ ಏರಿಸಬಹುದು.