ಚುಕ್ಕಾಣಿ ಕೀಳಲು ತಡವಾದಾಗ

ಬಂದರಿನೊಳಗೆ ಹಡಗು ತರುವ ಪೈಲಟ್‌ಗಳು ಯುದ್ಧದ ಕಥೆ ಓದಿದರೂ ಕಣ್ಣು ಮೊದಲು ಹೋಗುವುದು ನೀರಿನ ಕಡೆಗೆ. ಆಳ ಎಷ್ಟು, ಇಳಿತ ಯಾವಾಗ, ಮರಳು ದಿಣ್ಣೆ ಎಲ್ಲಿ? 1776ರ ಮಾರ್ಚ್ 2-3ರಂದು ಅಮೆರಿಕದ ಸವಾನಾ ನದಿಯಲ್ಲಿ ನಡೆದ ‘ಅಕ್ಕಿ ದೋಣಿಗಳ ಕಾಳಗ’ ನನಗೆ ಇಷ್ಟವಾಗುವುದು ಅದಕ್ಕೇ. ಅಲ್ಲಿ ಗುಂಡಿಗಿಂತ ನದಿಯದ್ದೇ ಜಾಸ್ತಿ ಮಾತು.

ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ದಂಗೆ ಎದ್ದಿದ್ದ ಕಾಲ. ಬಾಸ್ಟನ್‌ನಲ್ಲಿ ಬ್ರಿಟಿಷ್ ಸೈನ್ಯ ಮುತ್ತಿಗೆಗೆ ಸಿಕ್ಕಿ ಹೆಚ್ಚುಕಡಿಮೆ ವರ್ಷವಾಗಿತ್ತು. ಊಟಕ್ಕೆ ತತ್ವಾರ. ಆ ಸೈನ್ಯದ ಮುಖ್ಯಸ್ಥ ಜನರಲ್ ಹೌ ಅಕ್ಕಿ ತರಲು ಜಾರ್ಜಿಯಾಕ್ಕೆ ಹಡಗು ಕಳಿಸಿದರು. ಸವಾನಾ ಪಟ್ಟಣದ ಎದುರು ಅಕ್ಕಿ ತುಂಬಿದ ವ್ಯಾಪಾರಿ ಹಡಗುಗಳು ಹೇಗೂ ನಿಂತಿದ್ದವು. ದಂಗೆಕೋರರು ಬ್ರಿಟನ್ನಿಗೆ ರಫ್ತು ನಿಲ್ಲಿಸಿದ್ದರಲ್ಲ. ಗುಲಾಮರು ಅಳಿವೆಯ ಜೌಗಿನಲ್ಲಿ, ಭರತದ ನೀರನ್ನೇ ಗದ್ದೆಗೆ ಹಾಯಿಸಿ ಬೆಳೆದ ಅಕ್ಕಿ ಅದು.

ಹಡಗುಗಳು ಕದಲದಂತೆ ಚುಕ್ಕಾಣಿ ಕಿತ್ತು, ಹಾಯಿ ಇಳಿಸಿ ಅಂತ ದಂಗೆಕೋರರ ಸ್ಥಳೀಯ ಸುರಕ್ಷತಾ ಸಮಿತಿ ಆದೇಶಿಸಿತು. ಬುದ್ಧಿವಂತ ಆದೇಶವೇ. ಆ ಕಾಲದ ಚುಕ್ಕಾಣಿ ಬಾಗಿಲಿನ ಹಾಗೆ: ಹಿಂಬದಿಯ ಕಂಬದ ಕಬ್ಬಿಣದ ಬಳೆಗಳಿಗೆ ಅದರ ಗೂಟಗಳು ಕೂತಿರುತ್ತವೆ. ರಾಟೆ ಕಟ್ಟಿ ಮೇಲಕ್ಕೆತ್ತಿದರೆ ಕಳಚಿ ಬರುತ್ತದೆ. ಆದರೆ ಅದು ಭಾರದ ಮರ. ಜನ ಬೇಕು, ಸಮಯ ಬೇಕು. ಸಮಯವೇ ಇರಲಿಲ್ಲ.

ಪಟ್ಟಣದೆದುರು ಹಚಿನ್ಸನ್ ದ್ವೀಪವಿದೆ. ಅದು ನದಿಯನ್ನು ಎರಡು ಕವಲು ಮಾಡುತ್ತದೆ. ಬ್ರಿಟಿಷರು ಹಿಂದಿನ ಕವಲಿನಲ್ಲಿ ಬಂದರು. ಮೇಜರ್ ಗ್ರಾಂಟ್‌ರ ಸೈನಿಕರು ರಾತ್ರಿ ದ್ವೀಪ ದಾಟಿ, ಬೆಳಗಿನ ಜಾವ ಅಕ್ಕಿ ಹಡಗುಗಳನ್ನು ಹತ್ತಿ ಸುಮ್ನೆ ಅಡಗಿ ಕೂತರು. ದಂಡೆಯ ಮೇಲೆ ದಂಗೆಕೋರರ ನಾಯಕ ಲ್ಯಾಕ್ಲನ್ ಮೆಕಿಂಟಾಶ್‌ರ ಪಡೆಗೆ ಸುಳಿವೇ ಇಲ್ಲ. ಚುಕ್ಕಾಣಿ ಕೀಳಿಸಲು ಹೋದ ಕ್ಯಾಪ್ಟನ್ ರೈಸ್ (ಹೌದು, ಹೆಸರೇ ಅದು) ನೇರ ಅವರ ಕೈಗೇ ಬಿದ್ದರು! ವಿಷಯ ಊರಿಗೆ ಗೊತ್ತಾಗುವಷ್ಟರಲ್ಲಿ ಹೊತ್ತೇರಿತ್ತು.

ಮಾತಾಡಲು ಹೋದವರನ್ನೂ ಬ್ರಿಟಿಷರು ಹಿಡಿದಿಟ್ಟುಕೊಂಡರು. ಆಮೇಲೆ ಗಂಟೆಗಟ್ಟಲೆ ಗುಂಡಿನ ಚಕಮಕಿ. ಅದರಿಂದ ಏನೂ ಇತ್ಯರ್ಥವಾಗಲಿಲ್ಲ. ಕೊನೆಗೆ ದಂಡೆಯವರು ಒಂದು ಹಡಗಿಗೆ ಬೆಂಕಿ ಹಚ್ಚಿ ತೇಲಿಬಿಡಲು ಹೊರಟರು. ಮೊದಲು ಆರಿಸಿದ್ದು ತೀರಾ ದೊಡ್ಡದು, ತಳ ಕಚ್ಚಿತು. ಉರಿಯುವ ಹಡಗಿಗೆ ಚಾಲಕ ಇರುವುದಿಲ್ಲ. ಆಳದ ಲೆಕ್ಕ ಮೊದಲೇ ಸರಿಯಾಗಿರಬೇಕು, ಹರಿವೂ ಗಾಳಿಯೂ ಎದುರಾಳಿಯ ಕಡೆಗೇ ಇರಬೇಕು. ಎರಡನೆಯದು, ಅಕ್ಕಿ, ಜಿಂಕೆ ಚರ್ಮ ತುಂಬಿದ್ದ ‘ಇನ್ವರ್ನೆಸ್’, ಸರಿಯಾಗಿ ತೇಲಿತು. ಸೈನಿಕರು ನೀರಿಗೆ ಹಾರಿ ಜೌಗಿನಲ್ಲಿ ಓಡಿದರು. ಕೆಲವು ಹಡಗು ಸುಟ್ಟವು, ಹಲವು ತಪ್ಪಿಸಿಕೊಂಡವು.

ಬ್ರಿಟಿಷರಿಗೆ ಸುಮಾರು 1,600 ಪೀಪಾಯಿ ಅಕ್ಕಿ ದಕ್ಕಿತು. ಹಾಗಾಗಿ ಗೆಲುವು ಅವರದ್ದೇ ಅನ್ನುತ್ತೇನೆ, ಊರು ಉಳಿಸಿಕೊಂಡೆವು ಅಂತ ಜಾರ್ಜಿಯಾದವರು ಹೇಳಬಹುದು. ಆದರೆ ಆ ಅಕ್ಕಿಗಾಗಿ ಕಾದಿದ್ದ ಹೌ ಅವರ ಸೈನ್ಯ ಮಾರ್ಚ್ 17ಕ್ಕೇ ಬಾಸ್ಟನ್ ಖಾಲಿ ಮಾಡಿತ್ತು.